ಕೂತ ಮೇಲೆ ಬಿಗಿಯಬೇಕು

ಬೆಳಿಗ್ಗೆ ಎಂಟೂಕಾಲಿಗೆ, ಶಾಲೆಯ ಗೇಟಿನ ಎದುರಿನ ರಸ್ತೆಯುಬ್ಬಿನ ಮೇಲೆ ಕಾರು ಕಿರುಚಿತು. ಹಿಂದಿನ ಗಾಲಿಗಳು ಉಬ್ಬು ಹತ್ತುವಾಗ ಒಮ್ಮೆ, ಇಳಿಯುವಾಗ ಇನ್ನೊಮ್ಮೆ. ತುಕ್ಕು ಹಿಡಿದ ಬಾಗಿಲನ್ನು ಯಾರೋ ಬೇಕೆಂದೇ ನಿಧಾನವಾಗಿ ತೆರೆದ ಹಾಗೆ. ಗೇಟಿನ ಕಾವಲುಗಾರ ತಿರುಗಿ ನೋಡಿದ.

"ಏನ್ ಸಾರ್, ಹೊಸ ಹಾರ್ನಾ? ಹಿಂದುಗಡೆ ಹಾಕ್ಸಿದ್ದೀರಾ?"

ಗೇಟಿನ ಬಳಿ ನಿಂತಿದ್ದ ಮಕ್ಕಳು ನಕ್ಕರು. ಹಿಂದಿನ ಸೀಟಿನಿಂದ ಹುಡುಗಿ ಇಳಿದಳು. ಬ್ಯಾಗನ್ನು ಹೆಗಲಿಗೇರಿಸಿಕೊಂಡು, ಮುಂದೆ ಕೂತಿದ್ದ ತಾಯಿಗೆ ಹೇಳಿದಳು: "ಅಮ್ಮ, ಇವರಿಗೆ ಹೇಳು, ನಾಳೆಯಿಂದ ನಾನು ಬಸ್ಸಲ್ಲಿ ಹೋಗ್ತೀನಿ. ಅಪ್ಪನ ಕಾರು ಯಾವತ್ತೂ ಹೀಗೆ ಅಳ್ತಿರಲಿಲ್ಲ."

ಇವರು ಅಂದರೆ ಸ್ಟಿಯರಿಂಗ್ ಹಿಡಿದು ಕೂತಿದ್ದ ಬಡಗಿ. ಅವಳ ತಾಯಿಯನ್ನು ಮದುವೆಯಾಗಿ ಅವನು ಈ ಮನೆಗೆ ಬಂದು ವರ್ಷವಾಗಿತ್ತು. ಹುಡುಗಿ ಅವನಿಗೆ ಎದುರಾಡುತ್ತಿರಲಿಲ್ಲ, ಮುಖ ಸಿಂಡರಿಸುತ್ತಲೂ ಇರಲಿಲ್ಲ. ಹೇಳಬೇಕಾದ್ದನ್ನೆಲ್ಲ ತಾಯಿಯ ಮೂಲಕ ಹೇಳುತ್ತಿದ್ದಳು. ಊಟದ ಮೇಜಿನಲ್ಲಿ ಎದುರುಬದುರು ಕೂತಾಗಲೂ, "ಅಮ್ಮ, ಉಪ್ಪು ಕೊಡೋಕೆ ಹೇಳು" ಎನ್ನುತ್ತಿದ್ದಳು. ಉಪ್ಪು ಬರುತ್ತಿತ್ತು. "ನಾನೇನು ಪೋಸ್ಟಾಫೀಸಾ?" ಎಂದು ತಾಯಿ ಗೊಣಗುತ್ತಿದ್ದಳು.

ಕಾರು ಹುಡುಗಿಯ ತಂದೆಯದು. ಅವನು ತೀರಿಕೊಂಡ ಮೇಲೆ ಬಹಳ ಕಾಲ ಮನೆಯ ಮುಂದೆ ಹೊದಿಕೆ ಹೊದ್ದು ನಿಂತಿತ್ತು. ಮತ್ತೆ ರಸ್ತೆಗಿಳಿಸಿದಾಗ ಹಿಂಭಾಗ ಕುಸಿದಿತ್ತು. ಶಾಲೆಯ ಎದುರಿನ ಉಬ್ಬಿಗೆ ದಿನವೂ ಹೊಟ್ಟೆ ಉಜ್ಜುತ್ತಿತ್ತು. ಉಬ್ಬು ಹತ್ತಿರ ಬಂದಾಗ ಹುಡುಗಿ ಎರಡೂ ಕಾಲುಗಳನ್ನು ಮೇಲೆತ್ತಿಕೊಳ್ಳುತ್ತಿದ್ದಳು, ಅಷ್ಟರಿಂದಲೇ ಕಾರು ಹಗುರಾಗುತ್ತದೆ ಎನ್ನುವಂತೆ. ಅವಳ ಮಂಡಿಗಳು ಮೇಲೇಳುವುದು ಬಡಗಿಗೆ ಕನ್ನಡಿಯಲ್ಲಿ ಕಾಣುತ್ತಿತ್ತು.

ಅವನು ಯಾರಿಗೂ ಹೇಳದೆ ಎತ್ತರದ, ಗಟ್ಟಿಮುಟ್ಟಾದ ಸ್ಪ್ರಿಂಗುಗಳನ್ನೂ ಹೊಸ ಶಾಕ್ ಅಬ್ಸಾರ್ಬರುಗಳನ್ನೂ ತರಿಸಿದ. ಒಂದು ಭಾನುವಾರ ತನ್ನ ಮರಗೆಲಸದ ಶೆಡ್ಡಿನಲ್ಲಿ ಕಾರಿನ ಹಿಂಭಾಗವನ್ನು ಜಾಕಿನಿಂದ ಎತ್ತಿ ನಿಲ್ಲಿಸಿ, ತಾನೇ ಎಲ್ಲವನ್ನೂ ಕೂರಿಸಿದ. ಹೊಟ್ಟೆ ಉಜ್ಜುವುದು ನಿಂತಿತು. ಕಿರುಚುವುದು ಶುರುವಾಯಿತು.

ಹುಡುಗಿ ಹೇಳಿದಂತೆಯೇ ಬಸ್ಸು ಹಿಡಿದಳು. ಬಡಗಿ ಎಣ್ಣೆ ಬಿಟ್ಟ, ಗ್ರೀಸು ಹಚ್ಚಿದ. ಸದ್ದು ಒಂದು ದಿನ ಸುಮ್ಮನಿದ್ದು ಮಾರನೆಯ ದಿನ ವಾಪಸಾಗುತ್ತಿತ್ತು. ಕೊನೆಗೆ ಒಂದು ಶನಿವಾರ ಗ್ಯಾರೇಜಿಗೆ ಹೋಗುವುದೆಂದಾಯಿತು. ಹುಡುಗಿ ತಾನೂ ಬರುತ್ತೇನೆಂದಳು, ಆದರೆ ಬಸ್ಸಿನಲ್ಲಿ. ಶಾಲೆ ಮುಗಿಸಿಕೊಂಡು ತಾಯಿ, ಬಡಗಿ ಇಬ್ಬರಿಗಿಂತ ಮೊದಲೇ ತಲುಪಿ, ಅಲ್ಲಿದ್ದ ಹಳೆಯ ಟೈರೊಂದರ ಮೇಲೆ ಕೂತಿದ್ದಳು.

ಗ್ಯಾರೇಜಿನವನು ಅವಳ ತಂದೆಯ ಕಾಲದಿಂದ ಆ ಕಾರನ್ನು ನೋಡಿಕೊಂಡು ಬಂದವನು. ಅವಳ ಬಾಯಲ್ಲಿ ಮೊದಲಿನಿಂದಲೂ ಗೇರ್ ಮಾಮ.

"ಮಾಮ, ಅಪ್ಪನ ಸ್ಪ್ರಿಂಗ್ ಏನಾಯ್ತು ಅಂತ ಇವರನ್ನ ಕೇಳು. ಗುಜರಿಗೆ ಹೋಯ್ತಾ?"

"ಎದುರಿಗೇ ನಿಂತಿದ್ದಾರಲ್ಲೇ, ನೀನೇ ಕೇಳು. ನಂದೇನು ಬಾಡಿಗೆ ಬಾಯಾ?"

ಬಡಗಿ ಡಿಕ್ಕಿ ತೆರೆದ. ಒಗೆದ ಹಾಸಿಗೆ ಬಟ್ಟೆಯಲ್ಲಿ ಸುತ್ತಿದ ಎರಡು ಸ್ಪ್ರಿಂಗುಗಳಿದ್ದವು. ತುಕ್ಕು ಉಜ್ಜಿ ತೆಗೆದು ಎಣ್ಣೆ ಸವರಿದ್ದ. ಮರಕ್ಕೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಒಂದರ ಮೇಲೆ ಎ, ಇನ್ನೊಂದರ ಮೇಲೆ ಬ ಎಂದು ಬರೆದಿದ್ದ; ಎಡ, ಬಲ.

"ಇವನ್ನೇ ವಾಪಸ್ ಹಾಕ್ಬಿಡಿ," ಎಂದ. "ಹೊಟ್ಟೆ ಉಜ್ಜಿದ್ರೆ ಉಜ್ಜಲಿ. ಅಷ್ಟು ದೂರ ಅವಳು ಬಸ್ಸಲ್ಲಿ ನಿಂತ್ಕೊಂಡು ಹೋಗ್ತಾಳೆ. ಅದು ಬೇಡ."

ಹುಡುಗಿ ಟೈರಿನಿಂದ ಎದ್ದು ಬಂದಳು. ಸ್ಪ್ರಿಂಗನ್ನು ಮುಟ್ಟಿ, ಬೆರಳಿಗಂಟಿದ ಎಣ್ಣೆಯನ್ನು ನೋಡಿದಳು.

ಗೇರ್ ಮಾಮ ಒಂದನ್ನೆತ್ತಿ ಬೆಳಕಿಗೆ ಹಿಡಿದ. "ಇದರ ಆಯಸ್ಸು ಮುಗಿದಿದೆ. ನೋಡು ಪುಟ್ಟಿ, ಇಲ್ಲಿ ಬಿರುಕು. ಬದಲಾಯಿಸಿ ಅಂತ ನಿಮ್ಮಪ್ಪಂಗೇ ಹೇಳಿದ್ದೆ. ಮುಂದಿನ ತಿಂಗಳು ನೋಡೋಣ ಅಂದ್ರು."

ಗೇರ್ ಮಾಮ ಕಾರನ್ನು ನೆಲದಲ್ಲಿ ತೋಡಿದ ಪಿಟ್ಟಿನ ಮೇಲೆ ನಿಲ್ಲಿಸಿ, ಟಾರ್ಚು ಹಿಡಿದು ಕೆಳಗಿಳಿದ. ತುಸು ಹೊತ್ತಿಗೆ ಅಲ್ಲಿಂದ ನಗು ಕೇಳಿಸಿತು.

"ಸ್ವಾಮಿ, ಬೋಲ್ಟು ಬಿಗಿಯುವಾಗ ಗಾಲಿ ನೆಲದ ಮೇಲಿತ್ತಾ, ನೇತಾಡ್ತಿತ್ತಾ?"

"ನೇತಾಡ್ತಿತ್ತು."

"ಅಲ್ಲೇ ಆಗಿರೋದು ಎಡವಟ್ಟು. ನೀವು ಕುರ್ಚಿ ಮಾಡೋರು. ಯಾರೂ ಕೂರೋಕೆ ಮುಂಚೇನೇ ಬಿಗಿದು ಮುಗಿಸ್ತೀರಿ. ಕಾರಿಗೆ ಅದು ನಡೆಯಲ್ಲ. ಬೋಲ್ಟಿನ ಸುತ್ತ ಬಳೆ ಥರ ರಬ್ಬರ್ ಬುಷ್ ಇರುತ್ತೆ. ಗಾಲಿ ನೇತಾಡುವಾಗ ಬಿಗಿದ್ರೆ, ಕೆಳಗಿಳಿಸಿದ ಮೇಲೆ ಅದು ತಿರುಚಿಕೊಂಡೇ ಇರುತ್ತೆ, ಪಾಪ. ಹಂಪ್ ಬಂದಾಗೆಲ್ಲ ಕಿರುಚದೆ ಇನ್ನೇನು ಮಾಡುತ್ತೆ? ಇದನ್ನ ಕೂತ ಮೇಲೆ ಬಿಗೀಬೇಕು."

ಅವನು ಬೋಲ್ಟುಗಳನ್ನು ಸಡಿಲಿಸಿದ. ಟಪ್ಪೆಂದಿತು, ಕಾರಿನ ಹಿಂಭಾಗ ಕೂದಲೆಳೆಯಷ್ಟು ಕೆಳಗಿಳಿದು ನಿಂತಿತು.

"ಡಿಕ್ಕಿಯಿಂದ ಆ ಹಳೇ ಸ್ಪ್ರಿಂಗ್ ಇಳಿಸಿ. ದಿನಾ ಹೊರೋ ಭಾರ ಎಷ್ಟೋ ಅಷ್ಟೇ ಇರ್ಬೇಕು. ಎಷ್ಟು ಜನ ಕೂರ್ತೀರಿ?"

ಬಡಗಿ ಹೆಂಡತಿಯ ಮುಖ ನೋಡಿದ. "ಇಬ್ರು," ಎಂದ.

"ಮೂರು ಜನ," ಎಂದಳು ಹುಡುಗಿ.

ತಾಯಿ ಮುಂದಿನ ಸೀಟಿನಲ್ಲಿ ಹೋಗಿ ಕೂತಳು. ಸ್ಪ್ರಿಂಗುಗಳನ್ನು ಗೋಡೆಯ ಪಕ್ಕ ಇಟ್ಟು ಬಂದ ಬಡಗಿಗೆ ಕಾರಿನ ಬಾಗಿಲು ತೆರೆಯಲು ಎರಡು ಸಲ ಹಿಡಿ ಎಳೆಯಬೇಕಾಯಿತು. ಹುಡುಗಿ ಎಣ್ಣೆಯ ಬೆರಳನ್ನು ಯೂನಿಫಾರ್ಮಿಗೆ ಒರೆಸಿಕೊಂಡು, ತನ್ನ ಮಾಮೂಲಿ ಜಾಗದಲ್ಲಿ, ಡ್ರೈವರ್ ಸೀಟಿನ ಹಿಂದೆ ಕೂತಳು. ಬ್ಯಾಗನ್ನೂ ತೊಡೆಯ ಮೇಲಿಟ್ಟುಕೊಂಡಳು.

"ಯಾರೂ ಅಲ್ಲಾಡಬೇಡಿ," ಎಂದ ಗೇರ್ ಮಾಮ ಕೆಳಗಿನಿಂದ.

ಮೂವರೂ ಮಿಸುಕದೆ ಕೂತರು. ಅಡಿಯಲ್ಲಿ ಸ್ಪ್ಯಾನರು ಕಟಕಟ ಎನ್ನುತ್ತಿತ್ತು. ಹುಡುಗಿಗೆ ಎದುರಿಗೆ ಕಾಣುತ್ತಿದ್ದುದು ಬಡಗಿಯ ಕುತ್ತಿಗೆ ಮಾತ್ರ. ಕಾಲರಿನ ಮೇಲ್ಗಡೆ ಮರದ ಹೊಟ್ಟಿನ ಸಣ್ಣ ಸುರುಳಿಯೊಂದು ಅಂಟಿಕೊಂಡಿತ್ತು. ಅವಳು ಅದನ್ನೇ ನೋಡುತ್ತಿದ್ದಳು.

"ಕುತ್ತಿಗೆ ಮೇಲೆ ಹೊಟ್ಟಿದೆ," ಎಂದಳು.

ತಾಯಿ ಅದನ್ನು ಗಂಡನಿಗೆ ದಾಟಿಸಲು ಬಾಯಿ ತೆರೆದಳು. ಆಮೇಲೆ ಕಿಟಕಿಯ ಕಡೆ ತಿರುಗಿಕೊಂಡಳು.

"ಇರಲಿ ಬಿಡಮ್ಮ," ಎಂದ ಬಡಗಿ. "ಅಲ್ಲಾಡಬಾರದಂತೆ."

ಸೋಮವಾರ ಬೆಳಿಗ್ಗೆ ಕಾರು ಶಾಲೆಯ ಎದುರಿನ ಉಬ್ಬನ್ನು ದಾಟಿತು. ಎಡಗಡೆಯಿಂದ ಸಣ್ಣದೊಂದು ಕಿರ್ ಬಂತು, ಕಾವಲುಗಾರನಿಗೆ ಕೇಳಿಸುವಷ್ಟೇನಲ್ಲ. ಕನ್ನಡಿಯಲ್ಲಿ ಮಂಡಿಗಳು ಮೇಲೇಳಲಿಲ್ಲ. ಹುಡುಗಿ ಇಳಿದು, ಡ್ರೈವರ್ ಕಡೆಯ ಕಿಟಕಿಯ ಬಳಿ ನಿಂತು, "ನಾಲ್ಕಕ್ಕೆ ಬಿಡ್ತಾರೆ," ಎಂದಳು.

ಬಡಗಿ ಮೂರೂವರೆಗೇ ಬಂದು ನಿಂತಿದ್ದ.