ಸೊನ್ನೆಯಿಂದ ಎಣಿಸಿದ ಏಳು ತಲೆ

ಬುರುಲ್‌ಗೆ ಮೂಗಿನ ತುದಿಯಲ್ಲೇ ಕೋಪ ಅಂತ ಬಿಷ್ಕೆಕ್‌ನ ನಮ್ಮ ಆಫೀಸಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಆ ಬುರುಲ್ ನಾನೇ, ಆಡಿಕೊಳ್ಳಲಿ. ಪ್ರೋಗ್ರಾಂ ಬರೆಯುವ ವಿಷಯದಲ್ಲಿ ನನಗೆ ಅಭಿಪ್ರಾಯಗಳಿವೆ, ಅವನ್ನು ಬಚ್ಚಿಟ್ಟುಕೊಳ್ಳುವವಳು ನಾನಲ್ಲ. ಪರದೆಯ ಮೇಲೆ ಒಂದು ಬಟನ್ ಕೂರಿಸಲು ಈ ಜನ ಇಂಟರ್ನೆಟ್‌ನಿಂದ ಇಡೀ ಸಂತೆಯನ್ನೇ ಹೊತ್ತು ತರುತ್ತಾರೆ. ಕೃತಕ ಬುದ್ಧಿಯಿಂದ ಬರೆಸಿ ಓದದೆ ಕಳಿಸುವವರನ್ನು ಕಂಡರಂತೂ ಮೈ ಉರಿಯುತ್ತದೆ. ಪ್ರೋಗ್ರಾಂ ಚಿಕ್ಕದಿರಬೇಕು, ಬರೆದವಳಿಗೆ ಪ್ರತಿ ಸಾಲೂ ಗೊತ್ತಿರಬೇಕು. ಇನ್ನೊಂದು, ಎಣಿಕೆ ಸೊನ್ನೆಯಿಂದಲೇ ಶುರುವಾಗಬೇಕು. ನಮ್ಮ ಕಸುಬಿನಲ್ಲಿ ಮೊದಲ ಖಾನೆಯ ಅಂಕಿ ಸೊನ್ನೆ, ಎರಡನೆಯದರದು ಒಂದು. ಲೋಕ ಒಂದರಿಂದ ಎಣಿಸಿದರೆ ಅದು ಲೋಕದ ತಪ್ಪು.

"ನಿನ್ನನ್ನ ಕುರಿ ಕಾಯೋಕೆ ಕಳಿಸಿದ್ರೆ ದಿನಕ್ಕೊಂದು ತೋಳದ ಪಾಲು" ಎಂದು ಎರ್ಮೆಕ್ ನಗುತ್ತಿದ್ದ. ಪಕ್ಕದ ಮೇಜಿನವನು ಅವನು. ನಾಲ್ಕು ವರ್ಷದಿಂದ ನಾನು ಮನಸ್ಸಿನಲ್ಲಿಟ್ಟುಕೊಂಡ ಹುಡುಗ.

ಕಳೆದ ಚಳಿಗಾಲದಲ್ಲಿ ಒಬ್ಬಳೇ ಕೂತು 'ಏಳು ತಲೆ' ಎಂಬ ಆ್ಯಪ್ ಬರೆದೆ. ಏಳು ತಲೆಮಾರಿನೊಳಗೆ ಒಬ್ಬನೇ ಅಜ್ಜ ಸಿಕ್ಕರೆ ನಮ್ಮಲ್ಲಿ ಗಂಡು ಹೆಣ್ಣು ಅಣ್ಣ ತಂಗಿ ಇದ್ದಂತೆ, ಮದುವೆಯ ಮಾತೇ ಇಲ್ಲ. ಎರಡು ಹೆಸರು ಹಾಕಿದರೆ ಆ್ಯಪ್ ಎರಡೂ ವಂಶ ತಡಕಿ ಹಸಿರೋ ಕೆಂಪೋ ತೋರಿಸುತ್ತದೆ. ಬರೇ ಎಂಬತ್ತು ಸಾಲು! ನಾಲ್ಕು ಸಾವಿರ ಕುಟುಂಬಗಳು ತಮ್ಮ ವಂಶ ತುಂಬಿಸಿದವು. ನನ್ನ ಕಾಲು ನೆಲದ ಮೇಲಿರಲಿಲ್ಲ. ಮುದುಕರು ಮರೆಯುತ್ತಾರೆ, ಯಂತ್ರ ಮರೆಯುವುದಿಲ್ಲ ಎಂದು ಸಿಕ್ಕವರಿಗೆಲ್ಲ ಸಾರಿದೆ.

ಇಬ್ಬರೂ ಒಪ್ಪಿದ ಮೇಲೆ ಒಂದು ಶನಿವಾರ ಎರ್ಮೆಕ್‌ನ ಕಡೆಯವರು ಕೊಚ್ಕೋರ್‌ನ ನಮ್ಮ ಮನೆಗೆ ಓಲೆ ತೊಡಿಸಲು ಬಂದರು. ಹುಡುಗನ ಕಡೆಯ ಹಿರಿಯಳು ಹುಡುಗಿಯ ಕಿವಿಗೆ ಬೆಳ್ಳಿ ಓಲೆ ಹಾಕಿದಳೆಂದರೆ ಮದುವೆ ಗಟ್ಟಿ. ಅವನನ್ನು ಸಾಕಿದ ದೊಡ್ಡಪ್ಪ ಶೇರ್ಗಾಜಿ ಬೈಕೆ ಮತ್ತು ದೊಡ್ಡಮ್ಮ ಅನಾರ್ಕುಲ್ ಎಜೆ ಕೂತರು; ಹಿರಿಯ ಗಂಡಸು ನಮ್ಮಲ್ಲಿ ಬೈಕೆ, ಹೆಂಗಸು ಎಜೆ. ಚಹಾ ಬಂತು, ಎಣ್ಣೆಯಲ್ಲಿ ಕರಿದ ಹಿಟ್ಟಿನ ಬಿಸಿ ಬೋರ್ಸೋಕ್ ಮೇಜಿನ ತುಂಬ ಹರಡಿತು.

"ಓಲೆಗೆ ಮುಂಚೆ ಸೊಸೆಯ ಆ್ಯಪ್‌ನಲ್ಲೇ ಒಂದ್ಸಲ ನೋಡ್ಬಿಡೋಣ" ಎಂದು ಬೈಕೆ ಫೋನು ತೆಗೆದರು. "ಇಡೀ ವಾರ ಕೂತು ನಮ್ಮ ವಂಶ, ನಮ್ಮವಳ ತವರಿನ ವಂಶ ಎಲ್ಲಾ ತುಂಬಿಸಿದೀನಿ. ಕಣ್ಣೇ ಹೋಯ್ತು!"

"ನೋಡಿ ಬೈಕೆ, ನೋಡಿ!" ನಾನು ಉಬ್ಬಿಹೋದೆ.

ಕೆಂಪು.

"ಎಸೆಂಗುಲ್. ಇಬ್ಬರಿಗೂ ಒಬ್ಬನೇ ಅಜ್ಜ" ಎಂದು ಅವರು ಓದಿದರು. ಓಲೆಯ ಪೆಟ್ಟಿಗೆ ಟಪ್ಪೆಂದು ಮುಚ್ಚಿತು. ಎರ್ಮೆಕ್‌ನ ಮುಖ ಸುಣ್ಣವಾಯಿತು. ನನ್ನ ಹುಡುಗ ಒಂದೇ ಕ್ಷಣದಲ್ಲಿ ನನಗೆ ಅಣ್ಣನಾಗಿಬಿಟ್ಟಿದ್ದ, ಅದೂ ನಾನೇ ಬರೆದ ಆ್ಯಪ್‌ನ ಬಾಯಿಂದ!

"ಏನೋ ತಪ್ಪಾಗಿರಬೇಕು" ಎಂದಳು ನಮ್ಮಮ್ಮ.

"ಮುದುಕರು ಮರೀತಾರೆ, ಯಂತ್ರ ಮರೆಯಲ್ಲ ಅಂತ ನಿಮ್ಮ ಮಗಳೇ ಅಲ್ವಾ ಹೇಳಿದ್ದು?" ಬೈಕೆ ಎದ್ದು ನಿಂತರು.

ಹಿರಿಯರಿಗೆ ಮೀಸಲಾದ ಮೇಲಿನ ಜಾಗದಲ್ಲಿ ಕೂತಿದ್ದ ನಮ್ಮ ತಾತ, ಎಂಬತ್ತೊಂದರ ಸಾಪರಾಲಿ ಅತಾ, ಬೋರ್ಸೋಕ್ ನುಂಗಿ ಬಾಯಿ ಒರೆಸಿಕೊಂಡರು. "ಕೂತ್ಕೊಳಯ್ಯ ಶೇರ್ಗಾಜಿ, ಚಹಾ ಆರ್ತಿದೆ." ಆಮೇಲೆ ಬೆರಳು ಮಡಚತೊಡಗಿದರು. "ಇವಳಪ್ಪ ತುರ್ದುಬೆಕ್, ಒಂದು. ನಾನು, ಎರಡು. ಜಾನಿಬೆಕ್, ಒಮುರ್, ಬೊರ್ಬಾಶ್, ಕಲ್ಚಾ, ಶಾತೆನ್. ಏಳಾಯ್ತು. ಎಸೆಂಗುಲ್ ಎಲ್ಲವ್ವ ಇದರಲ್ಲಿ? ಅವನು ಶಾತೆನ್‌ನ ಅಪ್ಪ, ಎಂಟನೆಯವನು."

"ಸೊನ್ನೆ!" ನಾನು ಕಿರುಚಿದ್ದಕ್ಕೆ ಅಮ್ಮನ ಕೈಯ ಚಹಾ ಚೆಲ್ಲಿತು. "ಅಯ್ಯೋ ಅತಾ, ಸೊನ್ನೆ!"

ಅಪ್ಪನನ್ನು ನಾನು ಸೊನ್ನೆಯ ಖಾನೆಯಲ್ಲಿ ಕೂರಿಸಿದ್ದೆ. ಹಾಗಾಗಿ ಏಳನೆಯವನು ಕೂತದ್ದು ಆರರಲ್ಲಿ. ಹುಡುಕು ಎಂದು ಬರೆದದ್ದು ಮಾತ್ರ ಏಳರ ತನಕ. ಲೆಕ್ಕಕ್ಕೇ ಬಾರದ ಎಂಟನೆಯ ಅಜ್ಜನನ್ನು ನಾನೇ ಎಳೆದು ತಂದಿದ್ದೆ! ಓಡಿಹೋಗಿ ಲ್ಯಾಪ್‌ಟಾಪ್ ತಂದೆ.

"ತಡಿ ತಡಿ" ಎಂದು ಬೈಕೆ ಕೈ ಅಡ್ಡ ಹಿಡಿದರು. "ನಿನ್ನ ಮದುವೆ, ನಿನ್ನ ಆ್ಯಪ್. ಬೇಡಾದಾಗ ಕೆಂಪು, ಬೇಕಾದಾಗ ಹಸಿರು ಮಾಡ್ತೀಯಾ? ಊರಲ್ಲಿ ನಾನು ತಲೆ ಎತ್ಕೊಂಡು ಓಡಾಡೋದು ಬೇಡ್ವಾ?"

ಅವರ ಮಾತು ನ್ಯಾಯವೇ. ಲ್ಯಾಪ್‌ಟಾಪ್‌ನಿಂದ ಕೈ ತೆಗೆದೆ.

"ಕೊಡ್ರೀ ಇಲ್ಲಿ." ಅನಾರ್ಕುಲ್ ಎಜೆ ಗಂಡನ ಕೈಯಿಂದ ಫೋನು ಕಿತ್ತುಕೊಂಡು ಎರಡು ಹೆಸರು ಒತ್ತಿದರು. ನೋಡಿದರು. ಹೊಟ್ಟೆ ಹಿಡಿದು ನಗತೊಡಗಿದರು. "ಕೆಂಪು ಕಣ್ರೀ! ನಮ್ಮ ಮದುವೇನೂ ಕೂಡದಂತೆ! ಮೂವತ್ತೆಂಟು ವರ್ಷ, ಆರು ಮಕ್ಕಳು! ಎಂಟನೇ ಅಜ್ಜ ಒಬ್ಬನೇ ಆದ್ರೂ ಅಡ್ಡಿಯಿಲ್ಲ ಅಂತ ನಮ್ಮಪ್ಪನ ಮುಂದೆ ಬೆರಳು ಮಡಚಿ ಎಣಿಸಿದ್ದು ನೀವೇ ಅಲ್ವಾ? ಯಂತ್ರದ ಮಾತೇ ಸರಿ ಅಂದ್ರೆ ಹೇಳಿ, ಇವತ್ತೇ ತವರಿಗೆ ಹೊರಟೆ."

ಮನೆಯೆಲ್ಲ ನಗು. ಬೈಕೆ ಟೋಪಿ ಎತ್ತಿ ತಲೆ ಕೆರೆದುಕೊಂಡರು. ಎರ್ಮೆಕ್‌ನ ಅಪ್ಪನಿಂದ ಹಿಡಿದು ಒಂದೊಂದೇ ಬೆರಳು ಮಡಚಿ ತಮ್ಮ ಕಡೆಯದನ್ನೂ ಎಣಿಸಿದರು. ಎಸೆಂಗುಲ್ ಅಲ್ಲೂ ಎಂಟನೆಯವನೇ. "ಬೇಗ ಸರಿ ಮಾಡವ್ವ, ನನ್ನ ಮನೆ ಮುರಿಯೋ ಮುಂಚೆ!" ಎಂದು ಪೆಟ್ಟಿಗೆ ತೆರೆದರು. ಎರ್ಮೆಕ್ ಉಸಿರು ಬಿಟ್ಟದ್ದು ನನಗೆ ಇಲ್ಲಿಗೆ ಕೇಳಿಸಿತು.

ಅಪ್ಪನನ್ನು ಒಂದರ ಖಾನೆಗೆ ಸರಿಸಿದೆ. "ಈಗ ಸೊನ್ನೆಯಲ್ಲಿ ಯಾರಿದಾರೆ?" ಎಂದು ಕೇಳಿದರು ಅತಾ.

"ನಾನೇ, ಅತಾ."

"ಹಾಂ. ಈಗ ಸರಿಯಾದ ಜಾಗದಲ್ಲಿ ಕೂತೆ."

ಎಜೆ ನನ್ನ ಬಲಗಿವಿಗೆ ಓಲೆ ಸಿಕ್ಕಿಸುತ್ತಿರುವಾಗ ನನಗೆ ತಟ್ಟನೆ ಹೊಳೆಯಿತು. ಚಳಿಗಾಲದಿಂದ ಈ ಆ್ಯಪ್ ಇನ್ಯಾರ ಯಾರ ಪೆಟ್ಟಿಗೆ ಮುಚ್ಚಿಸಿದೆಯೋ! ಹುಡುಕಿದೆ. ಎಂಟನೆಯ ಅಜ್ಜನಿಂದಾಗಿ ಕೆಂಪು ಕಂಡವರು ಹನ್ನೊಂದು ಜೋಡಿ.

ಫೋನನ್ನು ಎಡಗಿವಿಗೆ ಒತ್ತಿಕೊಂಡೆ. ಮೊದಲ ನಂಬರು ತಲಾಸ್ ಕಡೆಯ ಹುಡುಗಿಯದು. ತಪ್ಪು ನನ್ನದು, ನಿಮ್ಮಿಬ್ಬರಿಗೆ ಅಡ್ಡಿಯಿಲ್ಲ ಎಂದೆ.

"ಇನ್ನೊಂದ್ಸಲ ಹೇಳಿ" ಎಂದಳು.

ಹೇಳಿದೆ. ಫೋನು ಕೆಳಗೆ ಬಿದ್ದ ಸದ್ದು, ಓಡುವ ಹೆಜ್ಜೆಗಳು, "ಅಪಾ! ಅಪಾ!" ಎಂದು ತಾಯಿಯನ್ನು ಕೂಗುವ ದನಿ. ನನ್ನ ಕಣ್ಣು ತುಂಬಿತು.

ಇನ್ನೊಂದು ಓಲೆ ಹಿಡಿದು ನಿಂತೇ ಇದ್ದರು ಎಜೆ. "ಈ ಎಡಗಿವಿ ಯಾವಾಗ ಖಾಲಿಯಾಗುತ್ತಮ್ಮ?"

"ಇನ್ನೂ ಹತ್ತು ಫೋನಿದೆ, ಎಜೆ."

ಅವರು ಓಲೆಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಪಕ್ಕ ಕೂತು, ನನ್ನ ಬಟ್ಟಲಿಗೆ ಚಹಾ ಬಗ್ಗಿಸಿದರು.