ಒಂದು ಗೇಣಿನ ಅಲೆ

ಗಡಗಡ, ಗಡಗಡ, ಈ ಕಿಟಕಿಯದೇ ಸದ್ದು, ಒಂದು ರಿವಿಟ್ ಬಿದ್ದುಹೋಗಿದೆ, ಇನ್ನೊಂದು ಇವತ್ತೋ ನಾಳೆಯೋ, ಎರಡು ಏಟು ಹಾಕಿದರೆ ಹತ್ತು ವರ್ಷ ಬಾಯಿ ಮುಚ್ಚಿಕೊಂಡಿರುತ್ತದೆ, ಸುತ್ತಿಗೆ ಚೀಲದಲ್ಲೇ ಇದೆ — ಬೇಡ ಲಾಡ್ಲೇಸಾಬ, ಸರ್ಕಾರಿ ಬಸ್ಸಿಗೆ ಕೈ ಹಚ್ಚಿದರೆ ಕಂಡಕ್ಟರ್ ಇಳಿಸಿಯಾನು, ಇವತ್ತು ಇಳಿಯುವ ಹಾಗಿಲ್ಲ, ಶಹಾಪುರ ಬಿಟ್ಟಾಗಲೇ ಹತ್ತೂವರೆ, ಯಾದಗಿರಿ ಮುಟ್ಟುವಾಗ ಹನ್ನೊಂದೂವರೆ, ಹನ್ನೆರಡಕ್ಕೆ, ಪರೀಕ್ಷೆ ಮಾಡಲು ಬಂದಿರುವ ವಿಜ್ಞಾನಿ ಉಮಾ ಮೇಡಂ ರೈಲಿಗೆ ಹೊರಡುತ್ತಾರೆ, ಅವರು ಹೊರಡುವುದರೊಳಗೆ ನನ್ನ ಮಗಳ ಪರದೆಯ ಮೇಲೆ ಆ ದಿಬ್ಬ ಏಳಬೇಕು. ಬೆಳಿಗ್ಗೆ ಒಂಬತ್ತಕ್ಕೆ ನುಜ್ಹತ ಫೋನು ಮಾಡಿದಳು, ಎಡಗಿವಿ ತಗಡು ಬಡಿದು ಬಡಿದು ಎಂದೋ ಹೋಗಿದೆ, ಬಲಗಿವಿಗೆ ಒತ್ತಿ ಹಿಡಿದೆ, ಅಬ್ಬಾ, ಏನೂ ಕಾಣವಲ್ದು, ಬರೇ ಹುಲ್ಲು ಕಾಣಾಕತ್ತದ, ಅಂದಳು, ಹುಲ್ಲಂದರೆ ಪರದೆಯ ಮೇಲಿನ ಗದ್ದಲದ ಗೆರೆ, ಹುಡುಕುವ ಅಲೆ ಸಿಕ್ಕರೆ ಅದರ ನಡುವೆ ದಿಬ್ಬ ಏಳುತ್ತದಂತೆ. ಮನೆಯಲ್ಲಿ ನಮ್ಮದು ದಖನಿ ಮಾತು, ಆದರೆ ವಿಜ್ಞಾನ ಬಂತೆಂದರೆ ಅವಳು ಕನ್ನಡಕ್ಕೆ ಇಳಿಯುತ್ತಾಳೆ, ಕನ್ನಡ ಶಾಲೆಯಲ್ಲಿ ಕಲಿತದ್ದು ಕನ್ನಡದಲ್ಲೇ ಬರುತ್ತದೆ, ನಾನೂ ಕನ್ನಡದಲ್ಲೇ ಕೇಳಿದೆ, ವೈರು ನೋಡಿದ್ಯಾ, ನೋಡಿದೆ, ಕಂಪ್ಯೂಟರ್ ನೋಡಿದ್ಯಾ, ಎಲ್ಲಾ ನೋಡಿದೆ ಅಬ್ಬಾ, ಈಗ ಎಲ್ಲಾರೂ ಫೋನ್ ಬಂದ್ ಮಾಡ್ತೀವಿ, ಅದರದೂ ಗದ್ದಲ ಆಗ್ತದ. ಅಷ್ಟೇ, ಬಂದ್. ಅಂಗಡಿಯಲ್ಲಿ ಕೈ ಓಡಲಿಲ್ಲ, ಕದ ಹಾಕಿ ಚೀಲಕ್ಕೆ ಸುತ್ತಿಗೆ, ಇಕ್ಕಳ, ಬೆಸುಗೆಯ ಸಾಮಾನು ತುಂಬಿದೆ, ಆಕಾಶಕ್ಕೆ ಬೆಸುಗೆ ಹಾಕಲು ಹೊರಟಿರೇನು ಎಂದು ಹೆಂಡತಿ ದಾವಲಬೀ ನಕ್ಕಳು, ನಕ್ಕವಳೇ ಬುತ್ತಿಯನ್ನೂ ಕಟ್ಟಿದಳು.

ಹಿಂದೆ ನೋಡಿದರೆ ಶಹಾಪುರದ ಗುಡ್ಡ ಮಲಗಿದೆ, ಅದೂ ಒಂದು ದಿಬ್ಬವೇ, ದೋರನಹಳ್ಳಿಯ ಹತ್ತಿರ ಹೊಲದಲ್ಲಿ ಹತ್ತಿ ಒಟ್ಟಿದ್ದಾರೆ, ಅದೂ ದಿಬ್ಬ, ರಸ್ತೆಯಲ್ಲಿ ಬಸ್ಸು ಎತ್ತಿ ಕುಕ್ಕಿದ್ದೂ ದಿಬ್ಬವೇ, ಎಲ್ಲೆಲ್ಲೂ ಇದೆ, ಅವಳ ಪರದೆಯ ಮೇಲೆ ಮಾತ್ರ ಇಲ್ಲ. ಹೋದ ತಿಂಗಳು ಅಂಗಡಿಗೆ ಬಂದು ಬೋರಲು ಹಾಕಿದ ಎಣ್ಣೆ ಡಬ್ಬಿಯ ಮೇಲೆ ಕೂತು ಕಾಗದ ಬಿಡಿಸಿದ್ದಳು, ಹುಟ್ಟಿದಾಗಿನಿಂದ ನನ್ನ ಸುತ್ತಿಗೆಯ ಸದ್ದಿಗೆ ಕಿವಿಯಲ್ಲಿ ಹತ್ತಿ ಇಟ್ಟುಕೊಂಡು ಓದಿದ ಹುಡುಗಿ, ಮೊದಲ ಸಲ ಅಪ್ಪನಿಗೆ ಕೆಲಸ ಹೇಳಲು ಬಂದಿದ್ದಳು, ನಾನು ಚಹಾ ತರಿಸಿದೆ, ಗಿರಾಕಿಗೆ ತರಿಸುವ ಹಾಗೇ. ಸೊಂಟದೆತ್ತರದ ಲಾಳಿಕೆ ಬೇಕಂತೆ, ತಗಡಿನದು, ಬುಡದಲ್ಲಿ ಚೌಕ ಡಬ್ಬಿ, ಡಬ್ಬಿಯೊಳಗೆ ಒಂದು ತಾಮ್ರದ ತಂತಿ ನಿಂತಿರಬೇಕು, ಬಾಯಿ ಆಕಾಶದ ಕಡೆ. ಎಣ್ಣೆ ಹೊಯ್ಯಾಕೇನು ಅಂದೆ. ಇಲ್ಲ, ಜಲಜನಕದ ರೇಡಿಯೋ ಕೇಳಾಕ, ಅಂದಳು. ಜಲಜನಕ ಸದಾ ಒಂದೇ ಅಲೆ ಬಿಡುತ್ತದಂತೆ, ಇಪ್ಪತ್ತೊಂದು ಸೆಂಟಿಮೀಟರ್, ನಾನು ಅಳತೆಪಟ್ಟಿಯ ಮೇಲೆ ಕೈ ಚಾಚಿದೆ, ಸರಿಯಾಗಿ ನನ್ನ ಒಂದು ಗೇಣು, ಇಬ್ಬರೂ ಬಿದ್ದು ಬಿದ್ದು ನಕ್ಕೆವು, ನಲವತ್ತು ವರ್ಷ ಪೆಟ್ಟಿಗೆ ಅಳೆದ ಗೇಣಿನಲ್ಲೇ ಆಕಾಶವನ್ನೂ ಅಳೆಯಬಹುದಲ್ಲ. ಆಮೇಲೆ ನಗು ನಿಲ್ಲಿಸಿ ಹೇಳಿದಳು, ಮೊದಲಿಗೆ ನಕ್ಷತ್ರಾನೂ ಇರಲಿಲ್ಲ ಅಬ್ಬಾ, ಎಲ್ಲಾ ಕಡಿ ಕತ್ತಲಿ, ಬರೇ ಜಲಜನಕ, ಅದು ಅವಾಗ ಬಿಟ್ಟ ಅಲಿ ಇನ್ನೂ ಬರಾಕತ್ತದ. ವಿಶ್ವ ಹಿಗ್ಗುತ್ತಾ ಹಿಗ್ಗುತ್ತಾ ಆ ಅಲೆಯೂ ಹಿಗ್ಗಿದೆಯಂತೆ, ಗೇಣುದ್ದ ಹೊರಟದ್ದು ನಮ್ಮ ಹತ್ತಿರ ಬರುವಾಗ ಎರಡಾಳುದ್ದ, ಎಫ್‌ಎಂ ಹಾಡುಗಳ ಅಡಿಯಲ್ಲಿ ಎಲ್ಲೋ ಹೂತುಹೋಗಿದೆ, ಮೊದಲ ನಕ್ಷತ್ರ ಹತ್ತಿಕೊಂಡ ಗುರುತು ಅದರಲ್ಲೇ ಇದೆ, ಉಮಾ ಮೇಡಂ ತಂಡದವರು ಊರಿಲ್ಲದ ಕಡೆ ಹೋಗಿ ಕೆರೆಯ ಮೇಲೆ ಆಂಟೆನಾ ತೇಲಿಬಿಟ್ಟು ಅದನ್ನು ಹುಡುಕುತ್ತಾರೆ. ಆ ತಂಡಕ್ಕೆ ಒಬ್ಬರು ಬೇಕಾಗಿದ್ದಾರೆ. ನುಜ್ಹತ ಯಾದಗಿರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಆರು ವರ್ಷದಿಂದ ಅತಿಥಿ, ಎಷ್ಟು ದಿನ ಅತಿಥಿ. ಪುಸ್ತಕ ಓದಿದವರು ಬಹಳ ಮಂದಿ, ಕೈಯಾರೆ ಕಟ್ಟಿ ಹತ್ತಿರದ ಜಲಜನಕವನ್ನಾದರೂ ಹಿಡಿದು ತೋರಿಸು, ಆಕಾಶಗಂಗೆಯ ತುಂಬಾ ಇದೆ, ಹಗಲಿಗೂ ಸಿಗುತ್ತದೆ, ನಾನೇ ಬಂದು ನೋಡುತ್ತೇನೆ, ಅಂದಿದ್ದರಂತೆ ಮೇಡಂ. ಇವತ್ತು ಬಂದಿದ್ದಾರೆ.

ಮೂಲೆ ಸರಿಯಿತ್ತು, ಬೆಸುಗೆ ಸರಿಯಿತ್ತು, ಒಳಗೆ ನೀರು ಹೊಯ್ದು ನೋಡಿದ್ದೆ, ಒಂದು ಹನಿ ಸೋರಲಿಲ್ಲ, ಆಕಾಶಕ್ಕೆ ನೀರಿನ ಪರೀಕ್ಷೆ ಯಾಕೆ ಎಂದು ಅವಳು ಕೇಳಿದ್ದಳು, ಅಭ್ಯಾಸ ಅಂದೆ, ನಿನ್ನೆ ರಾತ್ರಿ ಮುಗಿಸಿ ಬೆಳಿಗ್ಗೆ ಆರರ ಬಸ್ಸಿನ ಮೇಲೆ ನಾನೇ ಹಗ್ಗ ಬಿಗಿದೆ, ಹಾಗಾದರೆ ಎಲ್ಲಿ ತಪ್ಪಿತು, ಎಲ್ಲಿ — ನೀವು ಶಹಾಪುರದ ಪೆಟಿಗಿ ಸಾಬರಲ್ಲೇನ್ರಿ, ಪಕ್ಕದ ಸೀಟಿನ ಹೆಂಗಸು ಕೇಳುತ್ತಿದ್ದಾಳೆ, ಎಷ್ಟು ಹೊತ್ತಿನಿಂದ ಕೇಳುತ್ತಿದ್ದಾಳೋ, ನನ್ನ ಎಡಗಿವಿಯ ಕಡೆಗೆ ಕೂತಿದ್ದಾಳೆ. ಹೌದವ್ವ. ನಾ ಮಾನಮ್ಮರಿ, ನಾಯ್ಕಲ್‌ದಾಕಿ, ಇದು ನೀವಾ ಮಾಡಿದ್ದು ನೋಡ್ರಿ, ಎಂದು ತೊಡೆಯ ಮೇಲಿನ ಪೆಟ್ಟಿಗೆ ತಟ್ಟಿದಳು, ನೋಡಿದೊಡನೆ ಗುರುತು ಸಿಕ್ಕಿತು, ನನ್ನದೇ, ಬಣ್ಣ ಹೋಗಿದೆ, ಮೂಲೆ ಹೋಗಿಲ್ಲ. ಮದಿವ್ಯಾಗ ನಮ್ಮಪ್ಪ ಕೊಡಿಸಿದ್ದು, ಮೂರು ಹುಡುಗ್ರು ಇದರ ಮ್ಯಾಲ ಕುಣದು ಬೆಳದಾವ, ಒಂದು ದಿನ ಒಬ್ಬರ ಕೈ ಕೊಯ್ದಿಲ್ಲರಿ. ಎದೆ ಉಬ್ಬಿತು, ಸುಳ್ಳು ಯಾಕೆ ಹೇಳಲಿ, ಬುತ್ತಿ ತಿಂದಷ್ಟು ಸುಖವಾಯಿತು, ಹೆಬ್ಬೆರಳು ತಾನಾಗಿ ಅಂಚಿನ ಮೇಲೆ ಓಡಿತು, ಹೇಗೆ ಕೊಯ್ದೀತು ತಂಗಿ, ನಮ್ಮ ಅಬ್ಬಾ ಕಲಿಸಿದ ಮೊದಲ ಪಾಠವೇ ಅದು, ತಂತಿಯ ಮೊನೆ ಬಿಟ್ಟವನ ಕೈಯಲ್ಲಿ ಯಾರದೋ ಮಗುವಿನ ರಕ್ತ ಇರುತ್ತದೆ, ತಂತಿ ಎಲ್ಲಿ ಮುಗಿಯುತ್ತದೋ ಅಲ್ಲಿ ಸುರುಳಿ ಮಾಡು, ನಲವತ್ತು ವರ್ಷ ಒಂದು ಮೊನೆಯನ್ನೂ ಬಿಟ್ಟಿಲ್ಲ, ಒಂದನ್ನೂ — ಅಯ್ಯೋ ಖುದಾ, ಆ ತಾಮ್ರದ ತಂತಿ. ಗೇಣಿನ ಕಾಲುಭಾಗ, ಐದೂಕಾಲು ಸೆಂಟಿಮೀಟರ್, ನೆಟ್ಟಗೆ, ಉದ್ದ ತಪ್ಪಿದರೆ ಆ ಅಲೆ ಸಿಕ್ಕೋದಿಲ್ಲ ಅಬ್ಬಾ ಅಂದಿದ್ದಳು, ಅಳೆದು ನಿಲ್ಲಿಸಿದೆ, ಚೆನ್ನಾಗಿ ನಿಲ್ಲಿಸಿದೆ, ಆಮೇಲೆ ಇಕ್ಕಳ ಕೆಳಗಿಡುವ ಮೊದಲು, ತಲೆಯನ್ನು ಕೇಳದೆ, ಈ ಕೈ, ಈ ಕೈಯೇ, ತುದಿಯನ್ನು ಸುರುಳಿ ಸುತ್ತಿಬಿಟ್ಟಿತು. ಮೂರು ಸೆಂಟಿಮೀಟರೂ ಉಳಿದಿರಲಿಕ್ಕಿಲ್ಲ.

ಬಸ್ಸು ನಾಯ್ಕಲ್‌ನಲ್ಲಿ ನಿಂತಿದೆ, ಮಾನಮ್ಮ ಇಳಿದಳು, ಪೆಟ್ಟಿಗೆ ಕೈಗೆ ಕೊಟ್ಟೆ, ಫೋನು ಒತ್ತಿದೆ, ಸ್ವಿಚ್ ಆಫ್, ಮತ್ತೆ ಒತ್ತಿದೆ, ಆ ಹೆಣ್ಣುದನಿ ಅದನ್ನೇ ಹೇಳುತ್ತದೆ, ಹೇಳಲಿ, ಯಾಕೋ ನನಗೆ ನಗು ಬರುತ್ತಿದೆ, ಹೆದರಿಕೆಯೂ ಆಗುತ್ತಿದೆ, ಎರಡೂ ಒಟ್ಟಿಗೆ. ಎಲ್ಲಾ ನೋಡಿದೆ ಅಂದಳಲ್ಲ, ಒಳಗೆ ಬಗ್ಗಿ ನೋಡಿರುವುದಿಲ್ಲ, ಅಪ್ಪನ ಕೆಲಸವನ್ನು ಯಾಕೆ ನೋಡುತ್ತಾಳೆ, ಅಪ್ಪನ ಪೆಟ್ಟಿಗೆ ಇವತ್ತಿನವರೆಗೆ ಒಂದೂ ತಿರುಗಿ ಬಂದಿಲ್ಲ ಎಂದು ಊರಿಗೆಲ್ಲಾ ಹೇಳುವವಳು. ಸುಮ್ಮನೆ ಹೋಗಿ ಯಾರೂ ನೋಡದ ಹಾಗೆ ತಂತಿ ನೆಟ್ಟಗೆ ಮಾಡಿ, ಏನೋ ಸಡಿಲಾಗಿತ್ತು ಅಂದುಬಿಟ್ಟರೆ, ಹೌದು, ಹೆಸರು ಉಳಿಯುತ್ತದೆ — ಆದರೆ ಮೇಡಂ ತಲೆಯಲ್ಲಿ, ಹುಡುಗಿ ಸರಿಯಾಗಿ ಜೋಡಿಸಲಿಲ್ಲ ಅಂತ ಕೂರುತ್ತದೆ, ಥೂ, ಅದೇನು ಹೆಸರು. ಭೀಮಾ ಸೇತುವೆ ಬಂತು, ನೀರು ಹೊಳೆಯುತ್ತಿದೆ, ಡ್ರೈವರಣ್ಣ ಇನ್ನಷ್ಟು ಒತ್ತು, ವಿಶ್ವ ಹಿಗ್ಗುತ್ತಿದೆಯಂತೆ, ಈ ಸೇತುವೆಯೂ ಅದರ ಜೊತೆ ಹಿಗ್ಗಿದೆಯೋ ಏನೋ, ಮುಗಿಯುವುದೇ ಇಲ್ಲ.

ಕಾಲೇಜಿನ ಮೆಟ್ಟಿಲು, ಒಂದು ಮಹಡಿ, ಎರಡು, ಮೊಣಕಾಲು ಬೈಯುತ್ತಿವೆ, ಮಾಳಿಗೆಯ ಮೇಲೆ ಬಿಸಿಲು, ನನ್ನ ಲಾಳಿಕೆ ಆಕಾಶಕ್ಕೆ ಬಾಯಿ ತೆರೆದು ನಿಂತಿದೆ, ಚೆಂದ ನಿಂತಿದೆ, ಉಮಾ ಮೇಡಂ ಹೆಗಲಿಗೆ ಬ್ಯಾಗು ಏರಿಸಿಯಾಗಿದೆ, ನುಜ್ಹತಳ ಮುಖ ನೋಡಲಾಗಲಿಲ್ಲ, ಅತ್ತಿಲ್ಲ, ಆದರೆ ಅಳು ತಡೆಹಿಡಿದ ಮುಖ. ತಪ್ಪು ನಂದ್ರಿ ಮೇಡಮ್ಮೋರ, ಹುಡುಗೀದಲ್ಲ, ಅಂದೆ, ಉಸಿರು ಸಿಗುವ ಮೊದಲೇ ಅಂದೆ, ಅಂದಮೇಲೆ ಹಗುರಾಯಿತು. ಎಲ್ಲಾ ಹೇಳಿದೆ, ಮೊನೆ, ಮಕ್ಕಳ ಕೈ, ಸುರುಳಿ. ಮೇಡಂ ಬ್ಯಾಗು ಕೆಳಗಿಟ್ಟರು, ನಕ್ಕರು, ಇನ್ನು ಹದಿನೈದು ನಿಮಿಷ ಇದೆ, ಸರಿ ಮಾಡಿ ಯಜಮಾನರೇ. ಭುಜದವರೆಗೂ ಕೈ ತೂರಿಸಿದೆ, ಕಾಣುವುದಿಲ್ಲ, ಬೆರಳಿಗೆ ಸಿಕ್ಕಿತು, ಎಷ್ಟು ಚೊಕ್ಕ ಸುರುಳಿ, ಬಿಚ್ಚಲು ಮನಸ್ಸು ಬರಲಿಲ್ಲ, ಬಿಚ್ಚಿದೆ, ಇಕ್ಕಳದಲ್ಲಿ ಎಳೆದು ನೆಟ್ಟಗೆ ಮಾಡಿದೆ, ನುಜ್ಹತ ಕೂದಲೆಳೆಯ ಲೆಕ್ಕದಲ್ಲಿ ಅಳೆದಳು, ಐದೂಕಾಲು, ಆತು ಅಬ್ಬಾ. ಕೈ ಹೊರಗೆ ತೆಗೆಯುವಾಗ ಮೊನೆ ಹೆಬ್ಬೆರಳನ್ನು ಗೀರಿತು, ರಕ್ತ ಬಂತು, ಸದ್ಯ, ನನ್ನದೇ. ಈಗ ಮೂವರೂ ಪರದೆಯ ಮುಂದೆ ಬಗ್ಗಿದ್ದೇವೆ, ಹುಲ್ಲು, ಬರೇ ಹುಲ್ಲು, ಕಂಪ್ಯೂಟರ್ ಬಂದ ಅಲೀನೆಲ್ಲಾ ಕೂಡಿಸ್ತಾ ಹೋಗ್ತದ ಅಬ್ಬಾ, ತಾಳ್ರಿ, ಅನ್ನುತ್ತಾಳೆ, ನನ್ನ ಅಂಗಿಯ ತೋಳನ್ನು ಅವಳು ಯಾವಾಗ ಹಿಡಿದಳೋ, ಐದು ವರ್ಷದವಳಿದ್ದಾಗ ಹಿಡಿಯುತ್ತಿದ್ದ ಹಾಗೆ, ಬಿಡಬೇಡ ಬೇಟಾ, ಮೇಡಂ ಗಡಿಯಾರ ನೋಡುತ್ತಿಲ್ಲ, ಹುಲ್ಲು, ಹುಲ್ಲು, ನಡುವೆ ಏನೋ ಮಿಸುಕಿತು, ಇಲ್ಲ, ಹೌದು, ಹಂಚಿನ ಮೇಲಿನ ಜೋಳದ ರೊಟ್ಟಿಯ ಹಾಗೆ ನಡುವೆ ಮಾತ್ರ, ಮೆಲ್ಲಗೆ, ಉಬ್ಬುತ್ತಿದೆ, ನಕ್ಷತ್ರಕ್ಕಿಂತ ಹಿಂದಿನ ಸಾಮಾನು, ನನ್ನ ತಗಡಿನೊಳಗೆ ಇಳಿದು ಬಂದದ್ದು, ಏಳುತ್ತಿದೆ, ಅಬ್ಬಾ ಅಂದಳು, ಏಳುತ್ತಿದೆ, ದಿಬ್ಬ, ಹಸಿರು ಗೆರೆಯ ನಡುವೆ, ಒಂದು ದಿಬ್ಬ, ದಿಬ್ಬ —