ಗೆರೆಯ ಹೊರಗೆ ಮುಕ್ಕಾಲು ಇಂಚು

ಪರೀಕ್ಷೆ ಇದ್ದದ್ದು ಮಾಸ್ಟರಿಗೆ, ಊಟ ನಿದ್ದೆ ಬಿಟ್ಟದ್ದು ಅವರ ಹೆಂಡತಿ ಗುಂಡಿಯಕ್ಕ. ಗಂಡ ಹೊಲಿದ ಅಂಗಿಗಳಿಗೆ ಮೂವತ್ತೊಂದು ವರ್ಷ ಗುಂಡಿ ಹಚ್ಚಿದವಳನ್ನು ಗಿರಾಕಿಗಳು ಇನ್ನೇನೆಂದು ಕರೆದಾರು? ಹೊಲಿಗೆ ಅಂಗಡಿಯ ಮುಂದಿನ ಕೋಣೆಯಿಂದ ಹಿಂದಿನ ಅಡುಗೆಮನೆಗೆ, ಅಲ್ಲಿಂದ ಇಲ್ಲಿಗೆ, ಒಂದು ವಾರದಿಂದ ಅವಳು ಕಾಲು ಸುಟ್ಟ ಬೆಕ್ಕಿನಂತೆ ಓಡಾಡುತ್ತಿದ್ದಳು.

ಮಾಸ್ಟರಿಗೆ ಪಾರ್ಕಿನ್ಸನ್ ಹಿಡಿದು ಒಂಬತ್ತು ವರ್ಷ. ಮೊದಲು ಬಲಗೈ ನಡುಗಿತು. ಆಮೇಲೆ ತಾನೇನು ಕಡಿಮೆ ಎಂಬಂತೆ ಎಡಗೈಯೂ ಶುರುಮಾಡಿತು. ಮಾತ್ರೆಯ ಹೊತ್ತು ಸ್ವಲ್ಪ ತಪ್ಪಿದರೆ ಹೊಸ್ತಿಲ ಬಳಿ ನಿಂತ ಕಾಲು ಮುಂದಕ್ಕೆ ಬರುವುದೇ ಇಲ್ಲ. ತಲೆಬುರುಡೆಯಲ್ಲಿ ಸಣ್ಣ ತೂತು ಕೊರೆದು ಮೆದುಳಿನೊಳಗೆ ತೆಳ್ಳನೆಯ ತಂತಿ ಇಳಿಸಿದರೆ ನಡುಕ ಹತೋಟಿಗೆ ಬರುತ್ತದೆ ಎಂದು ದೊಡ್ಡಾಸ್ಪತ್ರೆಯ ಡಾಕ್ಟರು ಹೇಳಿದ್ದರು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದ್ದರು: "ಮರೆವು ಈಗಾಗ್ಲೇ ಇದ್ರೆ ಆಪರೇಷನ್ ಆದ್ಮೇಲೆ ಹೆಚ್ಚಾಗಬಹುದು. ಅದಕ್ಕೇ ಮೊದಲು ನೆನಪಿನ ಪರೀಕ್ಷೆ ಮಾಡ್ತೀವಿ." ಮೊದಲ ಮಾತಿಗೆ ಗುಂಡಿಯಕ್ಕನ ಕಣ್ಣು ತುಂಬಿ ಬಂದಿತ್ತು. ಎರಡನೆಯದು ಒಳಗೇ ಕೂತು ಕೊರೆಯುತ್ತಿತ್ತು.

ಕೊರೆಯಲು ಕಾರಣವಿತ್ತು. ಮಾಸ್ಟರು ಟೇಪು ಹಿಡಿದು ಅಳತೆ ಕೂಗುವುದು, ಅವಳು ಅದನ್ನೇ ತಿರುಗಿ ಹೇಳಿ ಪುಸ್ತಕದಲ್ಲಿ ಬರೆಯುವುದು, ಇದು ಆ ಅಂಗಡಿಯ ಕ್ರಮ. ಕಳೆದ ವರ್ಷದಿಂದ ಟೇಪಿನಲ್ಲಿ ನಲವತ್ತಿದ್ದರೆ ಬಾಯಲ್ಲಿ ಮೂವತ್ತೆಂಟು ಬರತೊಡಗಿತ್ತು. ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆಯೂ ಮೂವತ್ತೆಂಟಕ್ಕೇ ಬೀಳುತ್ತಿತ್ತು. ಗಿರಾಕಿಯ ಮುಂದೆ ಗಂಡನ ಮಾತು ತಿದ್ದುವುದು ಹೇಗೆ? ಕತ್ತರಿ ಮಾಸ್ಟರ ಕೈಯಲ್ಲಿ ನಿಲ್ಲದೆ ಈಗ ಬಟ್ಟೆ ಕತ್ತರಿಸುವವಳೂ ಹೊಲಿಯುವವಳೂ ಅವಳೇ ಆಗಿದ್ದಳು. ಅವರು ಎಳೆದ ಗೆರೆಯ ಹೊರಗೆ ಮುಕ್ಕಾಲು ಇಂಚು ಬಿಟ್ಟು ಕತ್ತರಿಸಿ, ಹೊಲಿಯುವಾಗ ಸರಿದೂಗಿಸುತ್ತಿದ್ದಳು. ಉಳಿದದ್ದು ಒಳಹೊಲಿಗೆಯಲ್ಲಿ ಮಡಿಸಿಕೊಂಡು ಕೂತಿರುತ್ತಿತ್ತು. ಮುಗಿದ ಬಟ್ಟೆಯನ್ನು ತಿರುವಿ, ಒಳಹೊಲಿಗೆಯುದ್ದಕ್ಕೂ ಹೆಬ್ಬೆರಳು ಎಳೆದು ನೋಡುವ ಹಳೇ ಅಭ್ಯಾಸವನ್ನು ಮಾತ್ರ ಮಾಸ್ಟರು ಬಿಟ್ಟಿರಲಿಲ್ಲ. ನೋಡಿ "ಹ್ಞೂಂ" ಎನ್ನುತ್ತಿದ್ದರು. ಸದ್ಯ, ಗೊತ್ತಾಗಲಿಲ್ಲ ಎಂದು ಅವಳು ಪ್ರತಿ ಸಲವೂ ಉಸಿರು ಬಿಡುತ್ತಿದ್ದಳು.

ಆಸ್ಪತ್ರೆಯಿಂದ ಬಂದ ಕಾಗದದಲ್ಲಿ ಎಲ್ಲವೂ ಬರೆದಿತ್ತು. ಚೆನ್ನಾಗಿ ನಿದ್ದೆ ಮಾಡಿ ಬನ್ನಿ, ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ, ಕನ್ನಡಕ ತನ್ನಿ, ಜೊತೆಯಲ್ಲಿ ವಾಸಿಸುವವರೊಬ್ಬರು ಬರಲಿ. ಕೊನೆಗೊಂದು ಸಾಲು: ಇದಕ್ಕಾಗಿ ಅಭ್ಯಾಸ ಮಾಡಬೇಕಿಲ್ಲ.

"ಮಾಡಬೇಕಿಲ್ಲ ಅಂದಿದ್ದಾರೆ ಅತ್ತಿಗೆ, ಮಾಡಬಾರದು ಅಂದಿಲ್ಲವಲ್ಲ!" ಎಂದ ಅವಳ ಮೈದುನ. ನಿವೃತ್ತ ಶಾಲಾಮೇಷ್ಟ್ರು. ನಿವೃತ್ತಿಯಾದದ್ದು ಶಾಲೆಯಿಂದ, ಬುದ್ಧಿ ಹೇಳುವುದರಿಂದಲ್ಲ. "ಫೋನಲ್ಲಿ ಹುಡುಕಿದ್ದೀನಿ. ಐದು ಪದ ಹೇಳ್ತಾರೆ, ಅರ್ಧ ಗಂಟೆ ಬಿಟ್ಟು ಕೇಳ್ತಾರೆ. ಉರು ಹೊಡೆಸಿ, ಅಷ್ಟೇ. ನನ್ನ ಕೈಯಲ್ಲಿ ಎಂಥೆಂಥವರು ಪಾಸಾಗಿದ್ದಾರೆ!"

ಅವನು ಬರೆದುಕೊಟ್ಟ ಐದು ಪದ ಇವು: ಕೊಡೆ, ನದಿ, ಬೀಗ, ಹಳದಿ, ಕುದುರೆ. ಅಲ್ಲಿಗೆ ಮಾಸ್ಟರ ನೆಮ್ಮದಿ ಹೋಯಿತು. ತಟ್ಟೆ ಇಡುವಾಗ "ರೀ, ಐದೂ ಹೇಳಿ." ಅವರು ನಡುಗುವ ಕೈಯಲ್ಲಿ ಗಡ್ಡ ಹೆರೆದುಕೊಳ್ಳುವಾಗ "ರೀ, ಹಳದಿ ಆದ್ಮೇಲೆ ಏನು?" ಬಚ್ಚಲಿನ ಬಾಗಿಲು ತಟ್ಟಿ ಕೂಡ ಕೇಳಿದಳು.

"ಕುದುರೆ ಕಣೇ, ಕುದುರೆ!" ಒಳಗಿನಿಂದ ಮಾಸ್ಟರು ಕೂಗಿದರು. "ಅದರ ಮೇಲೆ ಕೂತ್ಕೊಂಡು ಎಲ್ಲಾದ್ರೂ ಓಡಿಹೋಗೋಣ ಅನ್ಸುತ್ತೆ."

ನಗು ಬಂತು, ನಗಲಿಲ್ಲ. ಕುದುರೆ ಎಂಬುದು ನೆನಪಿತ್ತಲ್ಲ, ಅಷ್ಟು ಸಾಕಾಗಿತ್ತು ಅವಳಿಗೆ. ತನ್ನನ್ನು ಏನು ಕೇಳಿಯಾರು ಎಂದೂ ಯೋಚಿಸಿಟ್ಟಿದ್ದಳು. ಕೆಲಸದಲ್ಲಿ ಮರೆವುಂಟೇ ಎಂದರೆ, "ಏನೂ ಇಲ್ಲ. ಅವರ ತಲೆಯೇ ನಮ್ಮ ಅಳತೆ ಪುಸ್ತಕ." ಇದನ್ನು ಕನ್ನಡಿ ಮುಂದೆ ನಿಂತು ಹೇಳಿಯೂ ನೋಡಿದ್ದಳು.

ಪರೀಕ್ಷೆಯ ದಿನ ಮಾಸ್ಟರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಒಳಗೆ ಹೋದರು. ಪರೀಕ್ಷೆ ಮಾಡುವವಳು ಚಿಕ್ಕ ಪ್ರಾಯದವಳು, ಮೆಲುದನಿಯವಳು. ಕೋಣೆಯ ಬಾಗಿಲು ಪೂರ್ತಿ ಮುಚ್ಚಿಕೊಳ್ಳುತ್ತಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಗುಂಡಿಯಕ್ಕ ಆ ಸಂದಿಗೇ ಕಿವಿ ಕೊಟ್ಟು ಕೂತಳು. ಕೂತಳು ಎನ್ನುವುದೂ ತಪ್ಪು, ಎದ್ದಳು, ಕೂತಳು, ಚೀಲದ ಬಾಯಿ ಬಿಚ್ಚಿದಳು, ಕಟ್ಟಿದಳು. ಒಳಗೆ ಪದಗಳನ್ನು ಓದಿದ್ದು ಕೇಳಿಸಿತು: ಕನ್ನಡಿ, ಬಾವಿ, ಚಮಚ... ಇನ್ನೂ ಏನೇನೋ. ಐದಕ್ಕಿಂತ ಎಷ್ಟೋ ಹೆಚ್ಚು. ಆಮೇಲೆ ಲೆಕ್ಕ, ಚಿತ್ರ, ಕಡ್ಡಿಗಳ ಜೋಡಣೆ.

ಅರ್ಧ ಗಂಟೆ ಕಳೆದ ಮೇಲೆ ಮೆಲುದನಿ ಕೇಳಿತು, "ಆಗ ನಾನು ಕೆಲವು ಪದ ಓದಿದ್ನಲ್ಲ, ನೆನಪಿದ್ದಷ್ಟು ಹೇಳ್ತೀರಾ?"

"ಕೊಡೆ, ನದಿ, ಬೀಗ, ಹಳದಿ, ಕುದುರೆ," ಎಂದರು ಮಾಸ್ಟರು, ನೀರು ಕುಡಿದಷ್ಟು ಸಲೀಸಾಗಿ.

ಗುಂಡಿಯಕ್ಕನ ಮುಖ ಅರಳಿತು. ಮರುಕ್ಷಣವೇ ಬಾಡಿತು. ಒಳಗೆ ಓದಿದ ಪದಗಳಲ್ಲಿ ಇವು ಒಂದೂ ಇರಲಿಲ್ಲ. ಮೈದುನನನ್ನು ಮನಸ್ಸಿನಲ್ಲೇ ಬಾಯಿಗೆ ಬಂದಂತೆ ಬೈದಳು, ಆಮೇಲೆ ತನ್ನನ್ನೇ ಬೈದುಕೊಂಡಳು.

ಸ್ವಲ್ಪ ಹೊತ್ತಿಗೆ ಪರೀಕ್ಷೆಯವಳು ಮಾಸ್ಟರನ್ನು ಹೊರಗೆ ಕೂರಿಸಿ ಗುಂಡಿಯಕ್ಕನನ್ನು ಒಳಗೆ ಕರೆದಳು.

"ಅಮ್ಮಾ, ಮನೇಲಿ ಏನಾದ್ರೂ ಅಭ್ಯಾಸ ಮಾಡಿಸಿದ್ರಾ?"

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಅವಳು ತಲೆ ತಗ್ಗಿಸಿದಳು.

"ಪರವಾಗಿಲ್ಲ. ಇದು ಪಾಸು ಫೇಲಿನ ಪರೀಕ್ಷೆ ಅಲ್ಲಮ್ಮಾ. ಆಪರೇಷನ್ನಿಂದ ಅವರಿಗೆ ಒಳ್ಳೇದಾಗುತ್ತಾ, ತೊಂದರೆ ಆಗುತ್ತಾ ಅಂತ ನೋಡೋದು. ಕೆಲಸದಲ್ಲಿ ಏನಾದ್ರೂ ಮರೆವು ಕಂಡಿದ್ದೀರಾ?"

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅವರ ತಲೆಯೇ ನಮ್ಮ ಅಳತೆ ಪುಸ್ತಕ. ಇದನ್ನು ಅಂದುಬಿಟ್ಟರೆ ಬಹುಶಃ ಆಪರೇಷನ್ ಆಗುತ್ತದೆ, ಕೈ ನಿಲ್ಲುತ್ತದೆ. ಆಮೇಲೆ ನಿಂತ ಕೈಯಲ್ಲಿ ಕತ್ತರಿ ಹಿಡಿದು, ಎದುರಿಗಿರುವವಳು ಯಾರು ಎಂದು ಅವರು ಕೇಳಿದರೆ? ತಾನು ಗಂಡನಿಗಾಗಿ ಹೆಣೆದ ಸುಳ್ಳು ಗಂಡನ ಕುತ್ತಿಗೆಗೇ ಬರುತ್ತಿತ್ತು.

"ಅಳತೆ ತಪ್ಪು ಹೇಳ್ತಾರೆ," ಎಂದಳು. "ಒಂದು ವರ್ಷದಿಂದ. ಅವರಿಗೆ ಗೊತ್ತಾಗದ ಹಾಗೆ ನಾನು ಗೆರೆಯಿಂದ ಮುಕ್ಕಾಲು ಇಂಚು ಹೊರಗೆ ಕತ್ತರಿಸ್ತೀನಿ."

"ಮುಕ್ಕಾಲಲ್ಲ, ಒಂದಿಂಚು," ಎಂದಿತು ಹಿಂದಿನಿಂದ ಒಂದು ದನಿ.

ಮುಚ್ಚಿಕೊಳ್ಳದ ಬಾಗಿಲಿನ ಚೌಕಟ್ಟು ಹಿಡಿದು ಮಾಸ್ಟರು ನಿಂತಿದ್ದರು. "ಮೊದಮೊದಲು ನೀನು ಮುಕ್ಕಾಲು ಬಿಡ್ತಿದ್ದೆ. ಹೋದ ತಿಂಗಳಿಂದ ಒಂದಿಂಚು. ನನ್ನ ಹೆಬ್ಬೆರಳಿಗೆ ಗೊತ್ತಾಗಲ್ವೇನೇ?"

"ಗೊತ್ತಿದ್ದೂ ಯಾಕ್ರೀ ಸುಮ್ಮನಿದ್ರಿ?"

"ನಾನು ಬಾಯಿ ಬಿಟ್ಟರೆ ನೀನು ಹೆದರ್ತೀಯ ಅಂತ." ಅವರ ಗದ್ದ ನಡುಗುತ್ತಿತ್ತು. ಅದು ರೋಗದ್ದೋ ದುಃಖದ್ದೋ ಅವಳಿಗೆ ತಿಳಿಯಲಿಲ್ಲ. ಪರೀಕ್ಷೆಯವಳ ಕಡೆ ತಿರುಗಿ ಅವರೇ ಹೇಳಿದರು, "ಬರ್ಕೊಳ್ಳಮ್ಮ ಎಲ್ಲಾನೂ. ಬಟ್ಟೆ ಆದ್ರೆ ಬಿಚ್ಚಿ ಹೊಲೀಬಹುದು. ಸುಳ್ಳು ಅಳತೆ ಕೊಟ್ಟು ತಲೆಗೆ ತೂತು ಕೊರೆಸ್ಕೊಂಡ್ರೆ ಆಮೇಲೆ ಬಿಚ್ಚೋದು ಹೇಗೆ?"

ಗುಂಡಿಯಕ್ಕ ಸೆರಗು ಬಾಯಿಗೊತ್ತಿ ಅತ್ತಳು. ಪರೀಕ್ಷೆಯವಳು ನೀರಿನ ಲೋಟ ಮುಂದಿಟ್ಟಳು. ಪದಗಳ ಪರೀಕ್ಷೆಯನ್ನು ಬೇರೆ ಪಟ್ಟಿಯಲ್ಲಿ ಇನ್ನೊಂದು ದಿನ ಮಾಡಬೇಕು, ಮಾತ್ರೆಗಳಲ್ಲಿ ಯಾವುದಾದರೂ ಮರೆವು ತರುತ್ತಿದೆಯೇ ಎಂದು ಡಾಕ್ಟರು ನೋಡಬೇಕು, ಆಪರೇಷನ್ನಿನ ಮಾತು ಅದಾದ ಮೇಲೆ ಎಂದಳು. ಆಗಬಹುದು, ಆಗದೆಯೂ ಇರಬಹುದು. ಅಭ್ಯಾಸ ಮಾತ್ರ ಬೇಡ ಎಂದು ಎರಡು ಸಲ ಹೇಳಿ ಕಳಿಸಿದಳು.

ಸಂಜೆ ಅಂಗಡಿಗೆ ಎತ್ತರದ ಗಿರಾಕಿಯೊಬ್ಬ ಬಂದ. ಮಾಸ್ಟರು ಟೇಪು ಹಿಡಿದರು. ಗುಂಡಿಯಕ್ಕ ಪುಸ್ತಕ ತೆರೆದಳು. ಅವಳ ಕಾಲು ಇನ್ನೂ ಒಂದು ಕಡೆ ನಿಲ್ಲುತ್ತಿರಲಿಲ್ಲ.

"ತೋಳು ಇಪ್ಪತ್ಮೂರು," ಎಂದರು ಮಾಸ್ಟರು.

ಅವಳು ತಿರುಗಿ ಹೇಳದೆ ಟೇಪಿನ ಮೇಲಿನ ಅಂಕಿ ನೋಡಿದಳು. ಗಿರಾಕಿ ಇಬ್ಬರ ಮುಖವನ್ನೂ ನೋಡಿದ.

"ಅಲ್ಲ ರೀ," ಎಂದಳು. "ಇಪ್ಪತ್ತೈದು."

ಮಾಸ್ಟರು ಟೇಪನ್ನು ಮತ್ತೆ ಭುಜದ ಮೇಲಿಟ್ಟು ಮಣಿಕಟ್ಟಿನವರೆಗೆ ಎಳೆದರು. ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ತುಂಬ ಹೊತ್ತು ನೋಡಿದರು.

"ಹೌದು. ಇಪ್ಪತ್ತೈದು."

"ಇಪ್ಪತ್ತೈದು," ಎಂದು ತಿರುಗಿ ಹೇಳಿ ಅವಳು ಬರೆದುಕೊಂಡಳು. ಗಿರಾಕಿ ಹೋದ ಮೇಲೆ ಮಾಸ್ಟರು ಬಟ್ಟೆ ಹಾಸಿ ಸೀಮೆಸುಣ್ಣದಲ್ಲಿ ಗೆರೆ ಎಳೆದರು. ಗೆರೆ ಅಲ್ಲಲ್ಲಿ ನಡುಗಿತ್ತು. ಗುಂಡಿಯಕ್ಕ ಕತ್ತರಿ ಎತ್ತಿಕೊಂಡು, ವರ್ಷದ ಮೇಲೆ ಮೊದಲ ಸಲ, ಗೆರೆಯ ಮೇಲೆಯೇ ಕತ್ತರಿಸಿದಳು.